ಅಗ್ಬೆಸಿಗೆ ಪಾಲಕರು ಬೇಕಾಗಿದ್ದಾರೆ

ನಾಲ್ಕು ವರ್ಷದ ಹಿಂದೆ ಸಂಜೆ ಕಾಲೇಜಿಗೆ ಸೇರುವಾಗ ಅಗ್ಬೆಸಿ ಅರ್ಜಿಯಲ್ಲಿ ಒಂದು ಚೌಕವನ್ನು ಖಾಲಿ ಬಿಟ್ಟಿದ್ದ. ಹುಟ್ಟಿದ ತಾರೀಕು ಬರೆದಿದ್ದ, ತಿಂಗಳು ಬರೆದಿದ್ದ, ಇಸವಿ ಮಾತ್ರ ಬರೆದಿರಲಿಲ್ಲ. ಕಾಗದದ ಕಾಲದಲ್ಲಿ ಅದನ್ನು ಯಾರೂ ಕೇಳಲೂ ಇಲ್ಲ. ಅವನ ನರೆತ ತಲೆ, ಮೂಗಿನ ತುದಿಯ ಕನ್ನಡಕ, ಮೆಟ್ಟಿಲು ಹತ್ತುವಾಗ ಮೊಣಕಾಲಿನಿಂದ ಹೊರಡುತ್ತಿದ್ದ ಲಟಲಟ ಸದ್ದು, ಇಷ್ಟು ಕಂಡವರಿಗೆ ಇಸವಿಯ ಅಗತ್ಯ ಬೀಳಲಿಲ್ಲ. ಆದರೆ ಈ ವರ್ಷ ಕಾಲೇಜಿಗೆ ಹೊಸ ಕಂಪ್ಯೂಟರ್ ವ್ಯವಸ್ಥೆ ಬಂತು. ಅದಕ್ಕೆ ನರೆಯೂ ಕಾಣದು, ಮೊಣಕಾಲೂ ಕೇಳದು. ಇಸವಿ ಇಲ್ಲದ ಕಡೆಯಲ್ಲೆಲ್ಲ ಅದು ತಾನೇ 2010 ಎಂದು ತುಂಬಿಕೊಂಡಿತು.

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಅಗ್ಬೆಸಿ ಹಾಲ್ ಟಿಕೆಟ್ ತೆಗೆದುಕೊಳ್ಳಲು ಸಾಲಿನಲ್ಲಿ ನಿಂತ. ಹಿಂದೆ ಮುಂದೆ ಇದ್ದವರೆಲ್ಲ ಅವನ ಮಗಳಿಗಿಂತ ಚಿಕ್ಕವರು. ಕೌಂಟರಿನಲ್ಲಿ ಕೂತಿದ್ದ ಸೆಫಾಕೋರ್ ಎಂಬ ಹುಡುಗಿ ಉದ್ದನೆಯ ಬಣ್ಣದ ಉಗುರುಗಳಿಂದ ಕೀಲಿಮಣೆ ಕುಟ್ಟಿ, ಪರದೆ ನೋಡಿ, ಅವನನ್ನು ನೋಡಿ, ಮತ್ತೆ ಪರದೆ ನೋಡಿದಳು.

"ಪಾಪಾ," ಎಂದಳು, ಅಪ್ಪಾ ಎನ್ನುವ ಹಾಗೆ. "ನಿಮಗೆ ಹಾಲ್ ಟಿಕೆಟ್ ಬರ್ತಿಲ್ಲ."

"ಯಾಕಮ್ಮಾ? ಫೀಸು ಕಟ್ಟಿದೀನಿ. ಲೈಬ್ರರಿ ಪುಸ್ತಕಾನೂ ವಾಪಸ್ ಕೊಟ್ಟಿದೀನಿ."

"ನೀವಿನ್ನೂ ಮೈನರು."

ಅಗ್ಬೆಸಿಗೆ ತನ್ನ ಕಿವಿಯ ಮೇಲೆ ಅನುಮಾನ ಬಂತು. ಇತ್ತೀಚೆಗೆ ಅದೂ ಅಷ್ಟು ಸರಿಯಿರಲಿಲ್ಲ.

"ಹದಿನೈದು ವರ್ಷ ಅಂತ ತೋರಿಸ್ತಿದೆ," ಎಂದಳು ಸೆಫಾಕೋರ್. "ಹದಿನೆಂಟರ ಒಳಗಿರೋ ವಿದ್ಯಾರ್ಥಿಗಳಿಗೆ ಪಾಲಕರು ಖುದ್ದಾಗಿ ಬಂದು ಇಲ್ಲಿ ಹೆಬ್ಬೆಟ್ಟು ಒತ್ತಬೇಕು."

ಅಗ್ಬೆಸಿ ಬಗ್ಗಿ ತನ್ನ ಬೋಳು ನೆತ್ತಿಯನ್ನು ಕೌಂಟರಿನ ಕಿಂಡಿಗೆ ಒಡ್ಡಿದ. "ಇದನ್ನ ನೋಡಮ್ಮಾ."

"ನಾನು ನೋಡ್ತಿದೀನಿ ಪಾಪಾ. ಸಿಸ್ಟಮ್ ನೋಡ್ತಿಲ್ಲ."

"ಹಾಗಾದರೆ ತಿದ್ದು."

"ತಿದ್ದೋಕೆ ಅಕ್ರಾದ ಮುಖ್ಯ ಕಚೇರಿಗೆ ಬರೀಬೇಕು. ಮೂರು ವಾರ ಆಗತ್ತೆ. ಪರೀಕ್ಷೆ ಸೋಮವಾರ. ನೋಂದಣಿ ಇವತ್ತು ನಾಲ್ಕು ಗಂಟೆಗೆ ಮುಗಿಯತ್ತೆ."

ಸೋಮವಾರದ ಪರೀಕ್ಷೆಯ ವಿಷಯ ತಂತ್ರಜ್ಞಾನ ನಿರ್ವಹಣೆ. ಅಗ್ಬೆಸಿ ಪುಸ್ತಕವನ್ನು ಮೂರು ಸಲ ಓದಿದ್ದ. "ನೋಡಮ್ಮಾ, ಒಂಬತ್ತನೇ ಅಧ್ಯಾಯದಲ್ಲಿ ಸ್ಪಷ್ಟವಾಗಿ ಬರೆದಿದೆ. ಹೊಸ ವ್ಯವಸ್ಥೆ ತಂದಾಗ ಮೊದಲನೇ ಕೆಲಸ, ಬಳಸೋರ ದೂರನ್ನ ತಾಳ್ಮೆಯಿಂದ ಕೇಳಿಸಿಕೊಳ್ಳೋದು."

"ಕೇಳಿಸ್ಕೊಂಡೆನಲ್ಲ ಪಾಪಾ. ಮುಂದಿನವರು ಬನ್ನಿ."

ಅಗ್ಬೆಸಿ ಪಕ್ಕದ ಬೆಂಚಿನ ಮೇಲೆ ಕುಸಿದ. ಹೋ ಪಟ್ಟಣದ ನೀರು ಸರಬರಾಜು ಕಚೇರಿಯಲ್ಲಿ ಅವನು ಹನ್ನೊಂದು ವರ್ಷದಿಂದ ಪ್ರಭಾರ ವಿಭಾಗಾಧಿಕಾರಿ. ಪ್ರಭಾರ ಅನ್ನುವ ಮೂರಕ್ಷರ ಅಳಿಸಬೇಕಾದರೆ ಪದವಿ ಬೇಕು. ಪದವಿ ಇದ್ದ ಮೂವರು ಹುಡುಗರು ಒಬ್ಬರಾದ ಮೇಲೊಬ್ಬರು ಬಂದು, ಯಾವ ಬೀದಿಯ ಕೊಳವೆ ಎಲ್ಲಿ ಒಡೆಯುತ್ತದೆ ಎಂದು ಇವನಿಂದ ಕಲಿತು, ಇವನ ತಲೆಯ ಮೇಲೆ ಕಾಲಿಟ್ಟು ಅಕ್ರಾಕ್ಕೆ ಹೋಗಿದ್ದರು. ಅದಕ್ಕೇ ಅವನು ವ್ಯವಹಾರ ಆಡಳಿತ ಮತ್ತು ತಂತ್ರಜ್ಞಾನ ನಿರ್ವಹಣೆ ಎಂಬ ಉದ್ದ ಹೆಸರಿನ ಪದವಿಗೆ ಸೇರಿದ್ದು. ನಾಲ್ಕು ವರ್ಷ ಸಂಜೆ ಆರರಿಂದ ಒಂಬತ್ತರವರೆಗೆ ಹುಡುಗರ ನಡುವೆ ಕೂತು ತೂಕಡಿಸಿದ್ದ. ವ್ಯವಹಾರ ಗಣಿತದಲ್ಲಿ ಎರಡು ಸಲ ನಪಾಸಾಗಿ, ಆ ಸಂಗತಿಯನ್ನು ಹೆಂಡತಿಯಿಂದಲೂ ಮುಚ್ಚಿಟ್ಟಿದ್ದ. ಉಳಿದಿದ್ದು ಇದೊಂದೇ ಪರೀಕ್ಷೆ. ಇದು ತಪ್ಪಿದರೆ ಮುಂದಿನ ವರ್ಷ. ಹುದ್ದೆಯನ್ನು ಈ ವರ್ಷವೇ ತುಂಬುತ್ತಾರೆ.

ಹೆಂಡತಿ ಮಗಳ ಬಾಣಂತನಕ್ಕೆಂದು ಅಕ್ರಾದಲ್ಲಿದ್ದಳು. ಅಪ್ಪ ಅಮ್ಮ ತೀರಿಕೊಂಡು ಯಾವ ಕಾಲವಾಯಿತೋ. ಅಗ್ಬೆಸಿ ಕಚೇರಿಗೆ ಫೋನ್ ಮಾಡಿದ.

ಹತ್ತು ನಿಮಿಷದಲ್ಲಿ ಕಚೇರಿಯ ಪಿಕಪ್ ಗಾಡಿ ಬಂದು ನಿಂತಿತು. ಇಳಿದವನು ಪ್ರಾಸ್ಪರ್, ಸಿಬ್ಬಂದಿ ವಿಭಾಗದ ಅಧಿಕಾರಿ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಫೈಲು. ಕಚೇರಿಯಲ್ಲಿ ಎಲ್ಲರ ರಜೆ, ಬಡ್ತಿ, ನಿವೃತ್ತಿ ಅವನ ಮೇಜಿನ ಮೇಲೇ ಹಾದು ಹೋಗಬೇಕು. ಒಂದು ದಿನದ ರಜೆಯನ್ನೂ ಹೆಚ್ಚು ಕೊಡದ ಮನುಷ್ಯ, ಆದರೆ ಅಗ್ಬೆಸಿ ಅವನಿಗೆ ತಂದೆಯ ಸಮಾನ.

"ಎಫೋ, ಗಾಬರಿ ಬೀಳಬೇಡಿ," ಎಂದ ಪ್ರಾಸ್ಪರ್. ಅಣ್ಣಾ ಎನ್ನುವ ಹಾಗೆ ಎಫೋ ಎಂದೇ ಅವನು ಕರೆಯುವುದು. "ನಿಮ್ಮ ಬಡ್ತಿ ಫೈಲು ಇಲ್ಲೇ ಇದೆ ನೋಡಿ. ಹಾಲ್ ಟಿಕೆಟ್ ನಕಲು ಒಂದು ಸೇರಿಸಿಬಿಟ್ರೆ ಇವತ್ತು ಸಂಜೇನೇ ಅಕ್ರಾಗೆ ಕಳಿಸ್ತೀನಿ. ಪಾಲಕರು ತಾನೆ ಬೇಕಾಗಿರೋದು? ನಾನೇ ಆಗ್ತೀನಿ."

ಸೆಫಾಕೋರ್ ಅವನ ಗುರುತಿನ ಚೀಟಿ ನೋಡಿ ತಲೆಯಾಡಿಸಿದಳು. "ಪಾಲಕರಿಗೆ ಕನಿಷ್ಠ ನಲವತ್ತು ಆಗಿರಬೇಕು. ನಿಮಗೆ ಮೂವತ್ತನಾಲ್ಕು. ಮಗೂನ ನೋಡ್ಕೊಳ್ಳೋ ಜವಾಬ್ದಾರಿ ನಿಮಗಿನ್ನೂ ಬಂದಿರಲ್ಲ ಅನ್ನತ್ತೆ ಸಿಸ್ಟಮ್."

"ಯಾವ ಮಗು?" ಎಂದ ಪ್ರಾಸ್ಪರ್.

ಸಾಲಿನಲ್ಲಿದ್ದವರೆಲ್ಲ ಅಗ್ಬೆಸಿಯ ಕಡೆ ತಿರುಗಿದರು.

ಅಷ್ಟರಲ್ಲಿ ಗೇಟಿನ ಕಡೆಯಿಂದ, "ಎಲ್ಲಿದಾರೆ ನಮ್ಮ ಎಫೋ?" ಎಂಬ ದನಿ ಕೇಳಿಸಿತು. ಮನೆಯೊಡತಿ ಎಸಿನಾಮ್. ಅವಳ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗನೊಬ್ಬ ಇದೇ ಸಾಲಿನಲ್ಲಿ ನಿಂತಿದ್ದ. ಸುದ್ದಿ ಅವಳಿಗೆ ಮುಟ್ಟಿ, ಅವಳು ಒಲೆಯ ಮೇಲಿದ್ದ ಅಬೋಲೊವನ್ನು ಇಳಿಸಿ, ಆ ಬಿಸಿಬಿಸಿ ಜೋಳದ ಕಡುಬನ್ನು ಬುಟ್ಟಿಗೆ ತುಂಬಿ, ಬುಟ್ಟಿಯನ್ನು ತಲೆಯ ಮೇಲೆ ಹೊತ್ತುಕೊಂಡೇ ಬಂದಿದ್ದಳು. ಕೌಂಟರ್ ತಲುಪುವಷ್ಟರಲ್ಲಿ ಅರ್ಧ ಬುಟ್ಟಿ ಮಾರಾಟವಾಗಿತ್ತು.

"ಎಂಟು ವರ್ಷದಿಂದ ನನ್ನ ಮನೇಲಿದಾರೆ," ಎಂದು ಅವಳು ಸೆಫಾಕೋರ್‌ಗೆ ಹೇಳಿದಳು, ಸಾಲಿನ ಕೊನೆಯವನಿಗೂ ಕೇಳುವ ಹಾಗೆ. "ಒಳ್ಳೇ ಹುಡುಗ. ಕುಡಿಯಲ್ಲ. ಒಂದೇ ತೊಂದರೆ, ಲೈಟ್ ಆರಿಸದೆ ಪುಸ್ತಕ ಎದೆ ಮೇಲೆ ಹಾಕ್ಕೊಂಡು ಗೊರಕೆ ಹೊಡೀತಾರೆ. ಎಲ್ಲಿ ಒತ್ತಬೇಕು?"

ವಯಸ್ಸು ಐವತ್ತೆರಡು. ಸಿಸ್ಟಮ್ ಒಪ್ಪಿತು. ಅಗ್ಬೆಸಿಯ ಎದೆ ಸ್ವಲ್ಪ ಹಗುರಾಯಿತು. ಎಸಿನಾಮ್ ಹೆಬ್ಬೆರಳನ್ನು ಲಂಗಕ್ಕೆ ಒರೆಸಿಕೊಂಡು ಗಾಜಿನ ಮೇಲೆ ಒತ್ತಿದಳು. ಕೆಂಪು ದೀಪ. ಮತ್ತೆ ಒತ್ತಿದಳು. ಕೆಂಪು. ಮೂರನೇ ಸಲ, ಕಡುಬಿನ ಹಿಟ್ಟು ನಾದುವಷ್ಟು ಜೋರಾಗಿ ಒತ್ತಿದಳು. ಯಂತ್ರ ಕುಂಯ್ ಎಂದು ಬಾಯಿ ಮುಚ್ಚಿಕೊಂಡಿತು.

"ಅಮ್ಮಾ, ನಿಮ್ಮ ಬೆರಳಲ್ಲಿ ರೇಖೆಗಳೇ ಇಲ್ಲ," ಎಂದಳು ಸೆಫಾಕೋರ್. "ಮೂರು ಸಲ ತಪ್ಪಾದ್ರೆ ಎರಡು ಗಂಟೆ ಲಾಕ್ ಆಗತ್ತೆ. ಇನ್ನು ಒಂದೂವರೆಗೆ ಬನ್ನಿ. ಬೇರೆಯವರನ್ನ ಕರ್ಕೊಂಡು ಬನ್ನಿ."

"ರೇಖೆ ಇಲ್ವಾ? ಇಪ್ಪತ್ತಾರು ವರ್ಷ ಕುದಿಯೋ ಪಾತ್ರೆಯಿಂದ ಅಬೋಲೊ ಎತ್ತಿದ ಕೈ ಇದು! ನಿನ್ನ ಯಂತ್ರಾನ ಒಂದು ದಿನ ನನ್ನ ಒಲೆ ಮುಂದೆ ಕೂರಿಸು, ಅದರ ರೇಖೆ ಎಷ್ಟು ಉಳಿಯತ್ತೆ ನೋಡೋಣ!"

ಅವಳನ್ನು ಸಮಾಧಾನ ಮಾಡಿ ಹೊರಗೆ ಬೇವಿನ ಮರದಡಿಗೆ ಕರೆತರುವಷ್ಟರಲ್ಲಿ ಪ್ರಾಸ್ಪರ್‌ನ ಇಸ್ತ್ರಿ ಅಂಗಿ ಮುದುರಿತ್ತು. ಮೂವರೂ ಕಟ್ಟೆಯ ಮೇಲೆ ಕೂತರು. ಪ್ರಾಸ್ಪರ್ ಕೇಳಿದ, "ನಿಮ್ಮ ಕಡೆ ಹಿರಿಯರು ಅಂತ ಯಾರೂ ಇಲ್ವಾ ಎಫೋ?"

"ಯಾರೂ ಇಲ್ಲಪ್ಪ," ಎಂದ ಅಗ್ಬೆಸಿ, ಸ್ವಲ್ಪ ಬೇಗನೆ.

"ಇಲ್ಲ ಅಂದ್ರೆ?" ಎಸಿನಾಮ್ ಎದ್ದು ನಿಂತಳು. "ಟಾಸಿ ಅಬ್ಲಾ ಇಲ್ವಾ? ನಿಮ್ಮ ಸೋದರತ್ತೆ?"

ಅಗ್ಬೆಸಿಯ ಮುಖ ಬಿಳಿಚಿಕೊಂಡಿತು. "ಅವರಿಗೆ ಎಂಬತ್ತನಾಲ್ಕು. ಓಡಾಡೋಕೆ ಆಗಲ್ಲ."

"ಹೋದ ಭಾನುವಾರ ಚರ್ಚಿಗೆ ನಡ್ಕೊಂಡು ಹೋಗಿದ್ರಂತೆ."

"ಕಿವಿ ಕೇಳಲ್ಲ."

"ನಿಮ್ಮ ಬಗ್ಗೆ ವಾರಕ್ಕೆರಡು ಸಲ ನಂಗೆ ಫೋನ್ ಮಾಡ್ತಾರೆ. ನಾನು ಪಿಸುಗುಟ್ಟಿದ್ದೂ ಕೇಳತ್ತೆ."

"ರಸ್ತೆ ಸರಿಯಿಲ್ಲ, ದಾವಿ," ಎಂದ ಅಗ್ಬೆಸಿ, ಅಕ್ಕಾ ಎಂದು ಅಂಗಲಾಚುವ ಹಾಗೆ. "ಮುದುಕೀನ ಯಾಕೆ ಅಲೆದಾಡಿಸೋದು? ಬೇರೆ ಯಾರಾದರೂ ಸಿಗ್ತಾರೆ. ನಿಮ್ಮ ಪಾದ್ರಿಗಳು? ನಿಮ್ಮ ಟೈಲರು? ದಾರೀಲಿ ಹೋಗೋ ಯಾರಾದರೂ ಸರಿ!"

ಎಸಿನಾಮ್ ಅವನನ್ನು ಮರುಕದಿಂದ ನೋಡಿದಳು. ಅತ್ತೆಯ ಮೇಲೆ ಎಷ್ಟು ಪ್ರೀತಿ ಎಂದುಕೊಂಡಳು. "ಸುಮ್ಮನಿರಿ ಎಫೋ. ಯಂತ್ರ ಲಾಕ್ ಆದ ಕೂಡಲೇ ನಾನು ಫೋನ್ ಮಾಡಿಬಿಟ್ಟೆ. ಅವರಾಗಲೇ ಟ್ರೋಟ್ರೋ ವ್ಯಾನು ಹತ್ತಿದಾರೆ."

ಅಗ್ಬೆಸಿ ಓಡಿದ. ಐವತ್ತೈದು ದಾಟಿದವನು ಬಿಸಿಲಿನಲ್ಲಿ ಓಡಿದರೆ ಹೇಗಿರುತ್ತದೋ ಹಾಗೆ, ಅಂದರೆ ಮೊದಲ ಮೂವತ್ತು ಮಾರು ಓಡಿ, ಮುಂದಿನ ಮೂವತ್ತು ಮಾರು ಓಡುವವನ ಹಾಗೆ ಕೈ ಬೀಸಿ, ಆಮೇಲೆ ಬೈಕಿನವನೊಬ್ಬನ ಬೆನ್ನಿಗೆ ಅಂಟಿಕೊಂಡು ಲಾರಿ ನಿಲ್ದಾಣ ತಲುಪಿದ. ಟಾಸಿಯನ್ನು ಅಲ್ಲೇ ಹಿಡಿದು, ತಿಂಡಿ ಕೊಡಿಸಿ, ತಪ್ಪು ತಿಳಿವಳಿಕೆಯಾಯಿತು ಎಂದು ಹೇಳಿ ಮರಳಿ ಹತ್ತಿಸುವುದು ಅವನ ಯೋಚನೆ. ಬಂದ ಪ್ರತಿ ಟ್ರೋಟ್ರೋ ವ್ಯಾನಿನೊಳಗೆ ತಲೆ ಹಾಕಿ ನೋಡಿದ. ಒಂದರಲ್ಲಿ ಆಡು ಅವನ ಮುಖಕ್ಕೆ ಸೀನಿತು. ಮತ್ತೊಂದರಲ್ಲಿ, ಕಳ್ಳನೆಂದು ತಿಳಿದ ಹೆಂಗಸೊಬ್ಬಳು ಕೊಡೆಯಿಂದ ಕುಟ್ಟಿದಳು. ಮೂರು ಗಂಟೆಯಾಯಿತು. ಟಾಸಿ ಬರಲಿಲ್ಲ. ಬಹುಶಃ ಗಾಡಿ ಕೆಟ್ಟಿರಬೇಕು ಎಂದುಕೊಂಡ. ಖುಷಿಯಾಗಬೇಕೋ ಅಳಬೇಕೋ ತಿಳಿಯಲಿಲ್ಲ. ಟಾಸಿ ಬರದಿದ್ದರೆ ಪರೀಕ್ಷೆ ಇಲ್ಲ, ಬಂದರೆ ಇನ್ನೇನು ಇರುವುದಿಲ್ಲವೋ ಹೇಳಲಾಗದು. ಕಾಲೆಳೆದುಕೊಂಡು ಕಾಲೇಜಿಗೆ ಮರಳಿದ.

ಟಾಸಿ ಅಬ್ಲಾ ಕೌಂಟರಿನ ಒಳಗೆ ಸೆಫಾಕೋರ್‌ಳ ಕುರ್ಚಿಯ ಮೇಲೆ ಕೂತು ಅಬೋಲೊ ತಿನ್ನುತ್ತಿದ್ದರು. ಸೆಫಾಕೋರ್ ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತಿದ್ದಳು. ದಾರಿಯಲ್ಲೇ ಟ್ರೋಟ್ರೋ ಇಳಿದು, ಯಾರದೋ ಕಾರಿನಲ್ಲಿ ಜಾಗ ಕೇಳಿಕೊಂಡು ಟಾಸಿ ಎರಡು ಗಂಟೆಗೇ ಗೇಟಿನ ತನಕ ಬಂದಿಳಿದಿದ್ದರು. ಬಂದವರೇ ಹೆಬ್ಬೆರಳು ಕೊಡಲು ನಿರಾಕರಿಸಿದ್ದರು. "ಮೊದಲು ಹುಡುಗನ ಓದು ಹೇಗಿದೆ ಹೇಳು. ಸುಮ್ಮನೆ ಕಂಡಕಂಡಲ್ಲಿ ಬೆರಳೊತ್ತೋಳಲ್ಲ ನಾನು." ಸೆಫಾಕೋರ್ ನಾಲ್ಕು ವರ್ಷದ ಅಂಕಗಳನ್ನೆಲ್ಲ ಓದಿ ಹೇಳಿದ್ದಳು.

"ಬಾರೋ ಇಲ್ಲಿ," ಎಂದರು ಟಾಸಿ.

ಅಗ್ಬೆಸಿ ಹೋಗಿ ನಿಂತ.

"ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದಿದೀಯಂತೆ. ಯಾರನ್ನ ಕೇಳಿ ಹೊಡೆದೆ?"

"ಕೆಲಸದ ಒತ್ತಡ ಇತ್ತು, ಟಾಸಿ."

"ಹಾಜರಿ ಕಡಿಮೆ ಅಂತೆ. ಸಂಜೆ ಹೊತ್ತು ಎಲ್ಲಿ ಸುತ್ತಕ್ಕೆ ಹೋಗಿದ್ದೆ?"

"ಕೊಳವೆ ಒಡೆದಿತ್ತು, ಟಾಸಿ."

"ನಾಲ್ಕು ವರ್ಷಾನೂ ಒಂದೇ ಕೊಳವೆ ಒಡೆದಿತ್ತಾ?"

ಸಾಲಿನಲ್ಲಿದ್ದ ಹುಡುಗರು ನಗುವುದನ್ನು ಬಿಟ್ಟು ನೆಲ ನೋಡತೊಡಗಿದರು. ಅವರವರ ಮನೆಯ ಟಾಸಿಯರು ಅವರಿಗೆ ನೆನಪಾಗಿರಬೇಕು. ಅಗ್ಬೆಸಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಇನ್ನು ಮುಂದೆ ಸರಿಯಾಗಿ ಓದುತ್ತೇನೆ ಎಂದು ಎಲ್ಲರೆದುರು ಮಾತು ಕೊಟ್ಟ. ಗೋಡೆಯ ಗಡಿಯಾರ ಮೂರೂ ನಲವತ್ತು ತೋರಿಸುತ್ತಿತ್ತು.

"ಟಾಸಿ, ಬೇಗ ಬೆರಳೊತ್ತಿಬಿಡಿ. ಮಾತು ಮನೇಲಿ ಆಡೋಣ," ಎಂದ.

"ಇರಿ ಪಾಪಾ, ಇನ್ನೊಂದು ಪ್ರಶ್ನೆ ಇದೆ," ಎಂದಳು ಸೆಫಾಕೋರ್. "ನಿಜವಾದ ಪಾಲಕರು ಹೌದೋ ಅಲ್ವೋ ಅಂತ ನೋಡೋಕೆ ಸಿಸ್ಟಮ್ ಕೇಳತ್ತೆ. ಅಜ್ಜೀ, ಇವರು ಹುಟ್ಟಿದ ಊರು ಯಾವುದು?"

"ಹೋ ಅಂತ ಹಾಕಮ್ಮ!" ಎಂದು ಅಗ್ಬೆಸಿ ಕೂಗಿದ. ಯಾರೂ ಅವನನ್ನು ಕೇಳಿರಲಿಲ್ಲ.

ಟಾಸಿ ಅಬೋಲೊ ಕೆಳಗಿಟ್ಟರು. ಕೈ ಒರೆಸಿಕೊಂಡರು. ಅವರ ದನಿ ಒಮ್ಮೆಲೇ ಮೆತ್ತಗಾಯಿತು.

"ಊರು ಅಂತ ಯಾವುದನ್ನ ಹೇಳ್ಲಿ ಮಗಳೇ? ನದಿಗೆ ದೊಡ್ಡ ಕಟ್ಟೆ ಕಟ್ಟಿದರಲ್ಲ, ನೀರು ಏರ್ತಾ ಏರ್ತಾ ನಮ್ಮೂರಿಗೆ ಬಂತು. ಮೊದಲು ಗೆಣಸಿನ ಹೊಲ ಹೋಯ್ತು. ಆಮೇಲೆ ಚರ್ಚಿನ ಮೆಟ್ಟಿಲು. ಸರ್ಕಾರದವರು ಲಾರಿ ತಂದರು. ಕೋಳಿ, ಮಡಕೆ, ಮನೆ ಬಾಗಿಲು ಸಮೇತ ಕಿತ್ತು ಹಾಕ್ಕೊಂಡ್ವಿ. ಇವನಮ್ಮ ತುಂಬು ಬಸುರಿ, ನನ್ನ ತೊಡೆ ಮೇಲೆ ತಲೆ ಇಟ್ಕೊಂಡಿದ್ಲು. ಅರ್ಧ ದಾರೀಲಿ ನೋವು ಶುರುವಾಯ್ತು. ಲಾರಿ ನಿಲ್ಸು ಅಂದೆ. ನಿಲ್ಸಿದ್ರೆ ಹಿಂದೆ ಬರೋವೆಲ್ಲ ನಿಲ್ಲಬೇಕು ಅಂದ ಡ್ರೈವರು. ಎಲ್ಲಾ ನಿಲ್ಲಲಿ ಅಂದೆ. ಹದಿನಾಲ್ಕು ಲಾರಿ ನಿಂತ್ವು. ಗಂಡಸರೆಲ್ಲ ಇಳಿದು ಬೆನ್ನು ತಿರುಗಿಸಿ ನಿಂತರು. ಆಗ ಹುಟ್ಟಿದ ಇವನು. ಈ ಕೈಯಲ್ಲೇ ಹಿಡ್ಕೊಂಡೆ. ಹಳೇ ಊರು ನೀರೊಳಗಿತ್ತು, ಹೊಸ ಊರು ಇನ್ನೂ ಬಂದಿರಲಿಲ್ಲ. ನಿನ್ನ ಯಂತ್ರದಲ್ಲಿ ಏನು ಬರ್ಕೋತೀಯೋ ಬರ್ಕೋ."

ಎಸಿನಾಮ್ ಸೆರಗಿನಂತೆ ಹೊದ್ದಿದ್ದ ಬಟ್ಟೆಯ ತುದಿಯಿಂದ ಮೂಗು ಒರೆಸಿಕೊಂಡಳು. ಸೆಫಾಕೋರ್ ಉಗುರಿನ ತುದಿಯಿಂದ ಕಣ್ಣಂಚು ಒತ್ತಿಕೊಂಡಳು. ಸಾಲಿನಲ್ಲಿದ್ದ ಹುಡುಗರು ಫೋನುಗಳನ್ನು ಎತ್ತಿ ಹಿಡಿದಿದ್ದರು.

ಎಲ್ಲರಿಗಿಂತ ಹೆಚ್ಚು ಕರಗಿದವನು ಪ್ರಾಸ್ಪರ್. ಮುಂದೆ ಬಂದು ಟಾಸಿಯ ಕೈ ಹಿಡಿದುಕೊಂಡ. "ನಮ್ಮಜ್ಜನೂ ಆ ಲಾರಿಗಳಲ್ಲೇ ಬಂದಿದ್ದು ಟಾಸಿ. ದಾರೀಲಿ ಒಂದು ಮಗು ಹುಟ್ಟಿತು, ಎಲ್ಲರೂ ಬಿಸಿಲಲ್ಲಿ ನಿಂತಿದ್ವಿ ಅಂತ ಸಾಯೋವರೆಗೂ ಹೇಳೋರು. ಆ ಮಗು ನಮ್ಮ ಎಫೋನಾ! ಅರವತ್ತನಾಲ್ಕನೇ ಇಸವಿ, ಸೆಪ್ಟೆಂಬರ್ ತಿಂಗಳು. ಅಲ್ವಾ?"

"ಹೌದು ಕಂದಾ. ಅರವತ್ತನಾಲ್ಕು. ನಂಗಾಗ ಇಪ್ಪತ್ತಮೂರು," ಎಂದು ಟಾಸಿ ಹೆಬ್ಬೆರಳನ್ನು ಗಾಜಿನ ಮೇಲಿಟ್ಟರು. ಯಂತ್ರ ಅವರಿಗೆ ಹೆದರಿತೋ ಏನೋ, ಮೊದಲ ಸಲಕ್ಕೇ ಹಸಿರಾಯಿತು. ಮುದ್ರಣ ಯಂತ್ರ ಗುರುಗುಟ್ಟಿ ಹಾಲ್ ಟಿಕೆಟ್ಟನ್ನು ಹೊರಗೆ ತಳ್ಳಿತು. ಗಂಟೆ ಮೂರೂ ಐವತ್ತೆರಡು. ಕೋಣೆಯ ತುಂಬ ಚಪ್ಪಾಳೆ. ಹುಡುಗರು ಅಗ್ಬೆಸಿಯ ಬೆನ್ನು ತಟ್ಟಿದರು. ಎಸಿನಾಮ್ ಉಳಿದ ಅಬೋಲೊವನ್ನು ಪುಕ್ಕಟೆ ಹಂಚಿದಳು.

ಚಪ್ಪಾಳೆ ತಟ್ಟದೆ ನಿಂತವನು ಪ್ರಾಸ್ಪರ್ ಒಬ್ಬನೇ. ಅವನು ಬೆರಳು ಮಡಚಿ ಏನೋ ಎಣಿಸುತ್ತಿದ್ದ. ಒಂದು ಸಲ ಎಣಿಸಿ, ಮತ್ತೆ ಎಣಿಸಿ, ಕಂಕುಳಲ್ಲಿದ್ದ ಫೈಲು ತೆರೆದು ಮೊದಲ ಹಾಳೆ ನೋಡಿದ. ಅಲ್ಲಿ ಹುಟ್ಟಿದ ವರ್ಷ 1970 ಎಂದಿತ್ತು.

ಅದಕ್ಕೊಂದು ಕಾರಣವಿತ್ತು. ಕೆಲಸಕ್ಕೆ ಸೇರುವಾಗ ಇಪ್ಪತ್ತೈದು ದಾಟಿರಬಾರದು ಎಂಬ ನಿಯಮ. ಅಗ್ಬೆಸಿಗೆ ದಾಟಿ ಬಹಳ ದಿನವಾಗಿತ್ತು. ಜನನ ಪತ್ರ ಇರಲಿಲ್ಲ, ಲಾರಿಯಲ್ಲಿ ಹುಟ್ಟಿದವನಿಗೆ ಅದನ್ನು ಕೊಡುವವರು ಯಾರು? ನ್ಯಾಯಾಲಯದ ಹೊರಗೆ ಅರ್ಜಿ ಬರೆಯುವವನೊಬ್ಬ, "ಎಷ್ಟು ಹಾಕ್ಲಿ?" ಎಂದು ಕೇಳಿದ್ದ. ಆರು ವರ್ಷ ಕಮ್ಮಿ ಹಾಕು ಎಂದಿದ್ದ ಅಗ್ಬೆಸಿ. ಅಷ್ಟೇ. ಅಂದಿನಿಂದ ಕಚೇರಿಯಲ್ಲಿ ಅವನ ವಯಸ್ಸು ಬೇರೆ, ಮೊಣಕಾಲಿನಲ್ಲಿ ಬೇರೆ.

"ಎಫೋ," ಎಂದ ಪ್ರಾಸ್ಪರ್, ಅವನನ್ನು ಮೂಲೆಗೆ ಕರೆದು. "ನಿಮಗೆ ಅರವತ್ತೊಂದು. ನಿವೃತ್ತಿ ಅರವತ್ತಕ್ಕೇ."

"ಮುದುಕಿ ಏನೋ ಹೇಳ್ತಾರೆ, ಅವರಿಗೆ ಅರಳುಮರಳು..."

"ನಮ್ಮಜ್ಜನಿಗೆ ಅರಳುಮರಳು ಇರಲಿಲ್ಲ ಎಫೋ. ಕಟ್ಟೆ ಕಟ್ಟಿದ ವರ್ಷ ಈ ಸೀಮೇಲಿ ಯಾರನ್ನ ಕೇಳಿದ್ರೂ ಗೊತ್ತು."

"ನೀನು ಕೇಳಿಸ್ಕೊಂಡಿಲ್ಲ ಅಂತ ಇಟ್ಕೋ, ಪ್ರಾಸ್ಪರ್. ನಾನು ನಿನ್ನಪ್ಪನ ಸಮಾನ ಅಂತಿದ್ದೆ. ಸೋಮವಾರ ಒಂದೇ ಒಂದು ಪರೀಕ್ಷೆ. ಒಂದೇ ಒಂದು."

ಪ್ರಾಸ್ಪರ್‌ನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಒಂದು ಕ್ಷಣ ಅವನು ಒಪ್ಪಿಬಿಡುತ್ತಾನೇನೋ ಅನ್ನಿಸಿತು. ಅಷ್ಟರಲ್ಲಿ ಅವನ ಜೇಬಿನ ಫೋನು ಟಿಂಗ್ ಎಂದಿತು. ತೆಗೆದು ನೋಡಿ, ಅಗ್ಬೆಸಿಯ ಮುಂದೆ ಹಿಡಿದ. ಪರದೆಯ ಮೇಲಿನ ವಿಡಿಯೋದಲ್ಲಿ ಟಾಸಿ ಹದಿನಾಲ್ಕು ಲಾರಿ ನಿಲ್ಲಿಸುತ್ತಿದ್ದರು. ಪಕ್ಕದಲ್ಲಿ ಪ್ರಾಸ್ಪರ್ ಸ್ವತಃ ಅರವತ್ತನಾಲ್ಕನೇ ಇಸವಿ ಎನ್ನುತ್ತಿದ್ದ. ಹಿಂದಿನ ಕೋಣೆಯ ಹುಡುಗ ಅದನ್ನು ಹರಿಯಬಿಟ್ಟಿದ್ದ. ಅದು ಊರೆಲ್ಲ ಸುತ್ತಿ ನೀರು ಸರಬರಾಜು ಕಚೇರಿಯ ಗುಂಪಿಗೂ ಬಂದಿತ್ತು.

"ದೊಡ್ಡ ಸಾಹೇಬರು ನೋಡಿದಾರೆ," ಎಂದ ಪ್ರಾಸ್ಪರ್. "ಅಳೋ ಮುಖದ ಚಿತ್ರ ಹಾಕಿದಾರೆ. ಅದರ ಕೆಳಗೆ, 'ಇವರ ಫೈಲು ತಗೊಂಡು ಬಾ' ಅಂತ ನನಗೆ ಬರೆದಿದಾರೆ."

ಅಗ್ಬೆಸಿ ಗೋಡೆಗೆ ಒರಗಿದ. ಕೈಯಲ್ಲಿ ಹಾಲ್ ಟಿಕೆಟ್ ಇನ್ನೂ ಬೆಚ್ಚಗಿತ್ತು.

"ಏನೋ ಅದು ಮೂಲೇಲಿ ಗುಸುಗುಸು?" ಎಂದು ಟಾಸಿ ಅಬ್ಲಾ ಎಸಿನಾಮ್‌ಳ ತೋಳು ಹಿಡಿದು ಬಂದರು. "ಯಾಕೆ ಮುಖ ಹಾಗೆ ಮಾಡ್ಕೊಂಡಿದಾನೆ ನಮ್ಮ ಹುಡುಗ?"

ಪ್ರಾಸ್ಪರ್ ತಲೆ ತಗ್ಗಿಸಿದ. ಹಿರಿಯರ ಎದುರು ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ. "ಟಾಸಿ, ಎಫೋ ಇನ್ಮೇಲೆ ಆಫೀಸಿಗೆ ಬರೋ ಹಾಗಿಲ್ಲ ಅಂತ ಹೇಳ್ತಿದ್ದೆ."

"ಯಾವಾಗಿಂದ?"

"ಹೋದ ವರ್ಷದಿಂದ."

ಟಾಸಿ ಒಂದು ಗಳಿಗೆ ಯೋಚಿಸಿದರು. ಆಮೇಲೆ ಅವರ ಸುಕ್ಕು ಮುಖವೆಲ್ಲ ಅರಳಿತು.

"ನೋಡಿದ್ಯಾ ಎಸಿನಾಮ್! ಓದ್ಕೊಳ್ಳಲಿ ಅಂತ ರಜಾ ಕೊಟ್ಟಿದಾನೆ! ನಾನು ಇಷ್ಟು ದೂರ ಬಂದಿದ್ದಕ್ಕೂ ಸಾರ್ಥಕ ಆಯ್ತು." ಅವರು ಅಗ್ಬೆಸಿಯ ಪಕ್ಕೆ ತಿವಿದರು. "ಕಂಬದ ಹಾಗೆ ನಿಂತಿದೀಯಲ್ಲೋ, ಓದದೇ ಇರೋಕೆ ಇನ್ನೇನು ನೆಪ ಹೇಳ್ತೀಯಾ? ಅಷ್ಟು ದೊಡ್ಡ ಉಪಕಾರ ಮಾಡಿದಾನೆ, ಆ ಹುಡುಗನಿಗೆ ಧನ್ಯವಾದ ಹೇಳು. ಅಕ್ಪೆ ಅನ್ನು."

ಅಗ್ಬೆಸಿ ಪ್ರಾಸ್ಪರ್‌ನ ಕೈ ಹಿಡಿದುಕೊಂಡು, "ಅಕ್ಪೆ," ಎಂದ.

"ಜೋರಾಗಿ ಹೇಳೋ," ಎಂದರು ಟಾಸಿ.